ಪೊಲ್ಲಿಲೂರಿನ ಸೋಲನ್ನು ನಾನು ಓದಿದ ಬಗೆ

1780ರ ಸೆಪ್ಟೆಂಬರ್ 10. ಕಂಚಿಯ ಹತ್ತಿರದ ಪೊಲ್ಲಿಲೂರಿನಲ್ಲಿ ಹೈದರ್ ಅಲಿ ಮತ್ತು ಟಿಪ್ಪು ಸೇರಿ ಈಸ್ಟ್ ಇಂಡಿಯಾ ಕಂಪನಿಯ ಒಂದು ಇಡೀ ದಂಡನ್ನೇ ಮುಗಿಸಿದರು. ಕರ್ನಲ್ ವಿಲಿಯಂ ಬೈಲಿಯ ಕೈಕೆಳಗೆ ಸುಮಾರು 3,800 ಜನ ಇದ್ದರು. ಬಹಳ ಮಂದಿ ಸತ್ತರು, ಉಳಿದವರಲ್ಲಿ ಹೆಚ್ಚಿನವರು ಸೆರೆ ಸಿಕ್ಕರು. ಮೈಸೂರು ಸೀಮೆಯ ನಮಗೆ ಇದು ಗೆಲುವಿನ ಕಥೆ. ನಾನು ಇದನ್ನು ಸೋತವರ ಕಡೆಯಿಂದ ಓದಲು ಕೂತೆ. ತಲೆಯಲ್ಲಿದ್ದದ್ದು ಒಂದೇ ಪ್ರಶ್ನೆ. ಒಂದು ದಿನದ ನಡಿಗೆಯಷ್ಟೂ ದೂರವಿಲ್ಲದ ಕಂಚಿಯಲ್ಲಿ ಸರ್ ಹೆಕ್ಟರ್ ಮನ್ರೋ ಇನ್ನೊಂದು ದಂಡು ಇಟ್ಟುಕೊಂಡು ಕೂತಿದ್ದ. 1764ರಲ್ಲಿ ಬಕ್ಸಾರ್ ಯುದ್ಧ ಗೆದ್ದವನು ಅವನು. ಹಾಗಿದ್ದೂ ಬೈಲಿ ಒಂಟಿಯಾಗಿ ಸಿಕ್ಕಿಬಿದ್ದದ್ದು ಹೇಗೆ?

ಮೊದಲು ನೋಡಿದ್ದು ಶ್ರೀರಂಗಪಟ್ಟಣದಲ್ಲಿರುವ ಟಿಪ್ಪುವಿನ ಅರಮನೆ ದರಿಯಾ ದೌಲತ್‌ನ ಪಶ್ಚಿಮ ಗೋಡೆ. ಅಲ್ಲಿ ಈ ಯುದ್ಧದ ಚಿತ್ರವಿದೆ. ಚಿತ್ರದ ನಡುವೆ ಕೆಂಪು ಕೋಟಿನ ಸಿಪಾಯಿಗಳ ಚೌಕ. ಅದರೊಳಗೆ ಪಲ್ಲಕ್ಕಿಯಲ್ಲಿ ಕೂತು ಬೆರಳು ಕಚ್ಚಿಕೊಂಡಿರುವ ಬೈಲಿ. ಮೇಲೆ ಕಂಪನಿಯ ಸಿಡಿಮದ್ದಿನ ಬಂಡಿ ಸಿಡಿಯುತ್ತಿದೆ. ಎರಡೂ ಬದಿಯಿಂದ ಮೈಸೂರಿನ ಕುದುರೆಗಳು ನುಗ್ಗುತ್ತಿವೆ. ಫ್ರೆಂಚ್ ಅಧಿಕಾರಿ ಲಾಲಿ ದುರ್ಬೀನು ಹಿಡಿದು ನೋಡುತ್ತಿದ್ದಾನೆ. ಎಷ್ಟು ಹೊತ್ತು ನಿಂತರೂ ಸಾಲದ ಚಿತ್ರ. ಆದರೆ ಅರಮನೆ ಕಟ್ಟಿದ್ದೇ 1784ರಲ್ಲಿ, ಯುದ್ಧ ಮುಗಿದ ಮೇಲೆ. 1799ರಲ್ಲಿ ಟಿಪ್ಪು ಸತ್ತ ನಂತರ ಅಲ್ಲಿದ್ದ ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಚಿತ್ರಗಳನ್ನು ರಿಪೇರಿ ಮಾಡಿಸಿದ. 1854ರಲ್ಲಿ ಬಂದ ಗವರ್ನರ್ ಜನರಲ್ ಡಾಲ್‌ಹೌಸಿ ಮತ್ತೆ ಬರೆಸಲು ಹೇಳಿದ. ಅಂದರೆ ನಾವು ಇಂದು ನೋಡುವ ಬಣ್ಣದಲ್ಲಿ ಸೋತವರ ಕಡೆಯವರ ಕೈಯೂ ಇದೆ. ಹಾಗಾಗಿ ಗೆದ್ದವರು ಈ ದಿನವನ್ನು ಹೇಗೆ ನೆನೆಯಲು ಬಯಸಿದರು ಎಂದು ತಿಳಿಯಲು ನಾನು ಇದನ್ನು ಬಳಸಿದೆ. ಯಾರು ಎಲ್ಲಿ ನಿಂತಿದ್ದರು ಎಂಬುದಕ್ಕೆ ಬಳಸಲಿಲ್ಲ.

ಬರಹಗಳಿಗೆ ಬಂದಾಗ ನೋಟ್‌ಬುಕ್ಕಿನಲ್ಲಿ ದಿನಕ್ಕೊಂದು ಹಾಳೆ ಇಟ್ಟೆ. ಹಾಳೆಯ ಎಡಕ್ಕೆ ಯಾರು ಏನು ಮಾಡಿದರು ಎಂದು ಬರೆದೆ. ಬಲಕ್ಕೆ ಅದನ್ನು ಹೇಳಿದವರು ಯಾರು, ಯಾವಾಗ ಬರೆದರು, ಯಾರಿಗಾಗಿ ಬರೆದರು ಎಂಬುದು. ಇದರಲ್ಲಿ ಒಂದು ಗೆರೆ ನನಗೆ ತುಂಬಾ ಮುಖ್ಯ. ಸೆಪ್ಟೆಂಬರ್ 10ರ ಮೊದಲು ಬರೆದದ್ದು ಒಂದು ಬಣ್ಣ, ನಂತರ ಬರೆದದ್ದು ಇನ್ನೊಂದು ಬಣ್ಣ. ಸೋಲು ಗೊತ್ತಾದ ಮೇಲೆ ಬರೆದ ಪ್ರತಿಯೊಂದು ಸಾಲಿಗೂ ಒಂದು ಕಡೆಗಿನ ವಾಲು ಇರುತ್ತದೆ. ಯಾರೋ ತಪ್ಪಿಸಿಕೊಳ್ಳಬೇಕು, ಯಾರನ್ನೋ ಹೊಣೆ ಮಾಡಬೇಕು. ಗೊತ್ತಾಗುವ ಮೊದಲು ಬರೆದ ಆದೇಶ, ಕಾಗದಗಳಲ್ಲಿ ಆ ವಾಲು ಇಲ್ಲ. ಮದ್ರಾಸ್ ಸರ್ಕಾರದ ಆ ಕಾಲದ ದಾಖಲೆಗಳು ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರದಲ್ಲಿವೆ. ಹಳೆಯ ಅಚ್ಚಿನ ಪುಸ್ತಕಗಳು ಹೆಚ್ಚಿನವು ಇಂಟರ್‌ನೆಟ್‌ನಲ್ಲೇ ಸಿಗುತ್ತವೆ.

ಹಾಳೆಗಳನ್ನು ಸಾಲಾಗಿ ಹರಡಿದಾಗ ಕಥೆ ಶುರುವಾದದ್ದು ಸೆಪ್ಟೆಂಬರ್ 10ರಂದಲ್ಲ, ಆಗಸ್ಟ್ 25ರಂದು. ಗುಂಟೂರಿನಿಂದ ಇಳಿದು ಬಂದ ಬೈಲಿ ಅಂದು ಕೊಸಸ್ತಲೈ ಹೊಳೆಯ ಬಡಗಣ ದಡ ಮುಟ್ಟಿದ. ದಾಟಬಹುದಿತ್ತು. ದಾಟದೆ ಅಲ್ಲೇ ತಂಗಿದ. ರಾತ್ರಿ ಹೊಳೆ ತುಂಬಿಬಿಟ್ಟಿತು. ಸೆಪ್ಟೆಂಬರ್ ಮೊದಲ ವಾರದವರೆಗೆ ಅವನು ಆಚೆ ದಡಕ್ಕೆ ಹೋಗಲಾಗಲಿಲ್ಲ. ಅಷ್ಟರಲ್ಲಿ ಹೈದರ್ ಆರ್ಕಾಟಿನ ಮುತ್ತಿಗೆ ಬಿಟ್ಟು ಕಂಚಿಯ ಕಡೆ ತಿರುಗಿದ್ದ. ಬೈಲಿಯನ್ನು ತಡೆಯಲು ಟಿಪ್ಪುವನ್ನು ಕಳಿಸಿದ್ದ. 6ರಂದು ಪೆರಂಬಾಕ್ಕಂನಲ್ಲಿ ಟಿಪ್ಪು ಎರಗಿದ. ಆಮೇಲೆ ಬೈಲಿ ಮನ್ರೋಗೆ ಬರೆದ ಕಾಗದದ ಸಾರ ಇಷ್ಟೇ: ನಾನು ನಿಮ್ಮನ್ನು ಬಂದು ಸೇರಲಾರೆ, ನೀವೇ ಬನ್ನಿ. 10ರಂದು ಸಿಡಿಯಲಿದ್ದ ಮದ್ದಿನ ಬಂಡಿಯ ಸುಳಿವೂ ಇಲ್ಲದಾಗ ಬರೆದ ಮಾತು ಅದು. ನನಗೆ ಇಡೀ ಕಡತದಲ್ಲಿ ಅತ್ಯಂತ ತೂಕದ ಸಾಕ್ಷಿ ಇದೇ.

ಮನ್ರೋ ಬರಲಿಲ್ಲ. ಕರ್ನಲ್ ಫ್ಲೆಚರ್ ಜೊತೆ ಸಾವಿರ ಜನರನ್ನು ಕಳಿಸಿದ. ಯಾಕೆ ಬರಲಿಲ್ಲ? ಇದಕ್ಕೆ ಉತ್ತರ ಸಿಕ್ಕಿದ್ದು ಅಕ್ಕಿಯಲ್ಲಿ. ಕಂಪನಿಯ ಜೊತೆಗಿದ್ದ ಆರ್ಕಾಟಿನ ನವಾಬ ಮಹಮ್ಮದ್ ಅಲಿಯ ಕಡೆಯಿಂದ ಬರಬೇಕಿದ್ದ ದವಸ ಬಂದಿರಲಿಲ್ಲ. ಇದ್ದಷ್ಟು ದವಸ ಕಂಚಿಯಲ್ಲಿತ್ತು. ಅದನ್ನು ಬಿಟ್ಟು ಹೊರಟರೆ ದಂಡಿಗೆ ಊಟವಿಲ್ಲ. ಯುದ್ಧದ ಬರಹಗಳನ್ನು ಓದುವಾಗ ನಾವು ಫಿರಂಗಿ, ಅಗ್ನಿಬಾಣ ಅಂತಲೇ ಹುಡುಕುತ್ತೇವೆ. ದವಸದ ಸಾಲುಗಳನ್ನು ಸುಮ್ನೆ ದಾಟಿಬಿಡುತ್ತೇವೆ, ಅಲ್ವಾ? ಅವುಗಳ ಮೇಲೆ ಬೆರಳಿಟ್ಟು ಓದಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಇನ್ನು ಆ ಮದ್ದಿನ ಬಂಡಿಗಳು. ಅವು ಸಿಡಿದದ್ದು ನಿಜ. ಎರಡೂ ಕಡೆಯವರು ಹೇಳುತ್ತಾರೆ. ಸೆರೆಯಾಗಿದ್ದ ಬ್ರಿಟಿಷ್ ಅಧಿಕಾರಿಗಳು 1784ರ ಮಂಗಳೂರು ಒಪ್ಪಂದದ ಮೇಲೆ ಬಿಡುಗಡೆಯಾದರು. ಆಮೇಲೆ ಅಚ್ಚಾದ ಅವರ ಕಥನಗಳಲ್ಲಿ ಸೋಲಿನ ತಿರುವು ಅದೇ. ಗೋಡೆಯ ಚಿತ್ರದಲ್ಲೂ ಅದೇ. ಇಬ್ಬರಿಗೂ ಅದು ಒಗ್ಗುತ್ತದೆ. ಗೆದ್ದವರಿಗೆ ತಮ್ಮ ಗುರಿಯ ಹೆಮ್ಮೆ, ಸೋತವರಿಗೆ ದುರದೃಷ್ಟದ ಸಮಾಧಾನ. ಎದುರಾಳಿಗಳಿಬ್ಬರೂ ಒಪ್ಪಿದ ಮಾತು ನಿಜವೇ ಇರಬಹುದು, ಆದರೆ ಅದೇ ಕಾರಣ ಅಂತಾಗುವುದಿಲ್ಲ. ನನ್ನ ಹಾಳೆಯಲ್ಲಿ ಬಂಡಿ ಸಿಡಿಯುವ ಹೊತ್ತಿಗೆ ಹೈದರನ ದೊಡ್ಡ ದಂಡು ಆಗಲೇ ಬಂದು ಸೇರಿತ್ತು. ಮನ್ರೋ ಇನ್ನೂ ಬಂದಿರಲಿಲ್ಲ.

ಯುದ್ಧದ ಹಿಂದಿನ ರಾತ್ರಿ ಬೈಲಿ ನಡುದಾರಿಯಲ್ಲಿ ದಂಡು ನಿಲ್ಲಿಸಿದ್ದಕ್ಕೆ ಎಲ್ಲರೂ ಅವನನ್ನು ಬೈಯುತ್ತಾರೆ. ಮುಂದೆ ಮೈಸೂರಿನಲ್ಲಿ ಕಂಪನಿಯ ಪ್ರತಿನಿಧಿ, ಅಂದರೆ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ಬರೆದ ಚರಿತ್ರೆಯಲ್ಲೂ ಈ ಚರ್ಚೆ ಇದೆ. ನಿಲ್ಲಿಸಿದ್ದು ದುಬಾರಿಯಾಯಿತು, ಅದನ್ನು ಒಪ್ಪುತ್ತೇನೆ. ಆದರೆ ಫ್ಲೆಚರ್ ರಣದಲ್ಲೇ ಬಿದ್ದ. ಬೈಲಿ 1782ರ ನವೆಂಬರಿನಲ್ಲಿ ಶ್ರೀರಂಗಪಟ್ಟಣದ ಸೆರೆಯಲ್ಲಿ ಸತ್ತ. ಗುಂಬಜ್ ಹತ್ತಿರ ಅವನ ಸ್ಮಾರಕ ಇದೆ, 1816ರಲ್ಲಿ ಅವನ ಅಣ್ಣತಮ್ಮಂದಿರ ಮಗ ಕಟ್ಟಿಸಿದ್ದು. ಮದ್ರಾಸಿಗೆ ಮರಳಿ ತನ್ನ ಪರ ಮಾತಾಡಲು ಉಳಿದವನು ಮನ್ರೋ. ಸತ್ತವರ ಮೇಲೆ ಹೊಣೆ ಜಾಸ್ತಿ ಬಿದ್ದಾಗ ನಾನು ಎರಡು ಸಲ ಓದುತ್ತೇನೆ.

ಜಾಗಕ್ಕೂ ಹೋಗಿ ನೋಡಬೇಕು. ಊರಿನ ಹೆಸರು ಈಗ ಪುಲ್ಲಲೂರು. ಅಲ್ಲಿ ಎರಡು ಬ್ರಿಟಿಷ್ ಸ್ಮಾರಕ ಕಂಬಗಳಿವೆ. ಬೈಲಿಯ ಸೋಲಿನವು ಅಂತ ಅನೇಕರು ತಿಳಿದಿದ್ದಾರೆ. ಕಲ್ಲಿನ ಬರಹ ಓದಿದರೆ 1781ರ ಆಗಸ್ಟ್ 27 ಅಂತಿದೆ. ಮರುವರ್ಷ ಅದೇ ಬಯಲಲ್ಲಿ ಕಂಪನಿಯ ಸೇನಾಪತಿ ಸರ್ ಐರ್ ಕೂಟ್ ಹೈದರನ ಜೊತೆ ಕಾದಾಡಿದಾಗ ಸತ್ತ ಅಧಿಕಾರಿಗಳವು ಅವು. 1780ರಲ್ಲಿ ಸತ್ತ ಭಾರತೀಯ ಸಿಪಾಯಿಗಳಿಗೆ ಅಲ್ಲಿ ನನಗೆ ಒಂದು ಕಲ್ಲೂ ಕಾಣಲಿಲ್ಲ. ಬೈಲಿಯ ದಂಡಿನಲ್ಲಿ ಹೆಚ್ಚಿನವರು ಅವರೇ. ನಾನು ಓದಿದ ಕಥನಗಳೆಲ್ಲ ಬಿಳಿ ಅಧಿಕಾರಿಗಳವು. ಸಿಪಾಯಿಗಳು ಬರುವುದು ಲೆಕ್ಕದ ಸಾಲುಗಳಲ್ಲಿ ಮಾತ್ರ. ಅದಕ್ಕೇ ಈಗ ಅದೇ ಹಾಳೆಗಳಲ್ಲಿ ಮೂರನೇ ಕಾಲಂ ಎಳೆದಿದ್ದೇನೆ. ಅಧಿಕಾರಿಗಳು ಬರೆಯುತ್ತಾ ಹೋದ ಹಾಗೆ ಸಿಪಾಯಿಗಳ ಬಗ್ಗೆ ಆಡಿದ ಒಂದೊಂದು ಮಾತನ್ನೂ ಅದರಲ್ಲಿ ಗುರುತು ಹಾಕಿಕೊಳ್ಳುತ್ತಿದ್ದೇನೆ.