ಎದೆಯ ಎಕ್ಸರೇಯಲ್ಲಿ ನ್ಯುಮೋನಿಯಾ ‘ಎಷ್ಟಿದೆ’ ಎಂದು ನೋಡುವುದು ಹೇಗೆ?

ಗದಗ, ಹಾವೇರಿ ಕಡೆಯಿಂದ ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಗೆ ಉಸಿರಾಟದ ತೊಂದರೆ ಎಂದು ಬರುವವರ ಕೈಯಲ್ಲಿ ಎಕ್ಸರೇ ಲಕೋಟೆ ಇದ್ದೇ ಇರುತ್ತದೆ. ಮನೆಯವರ ಮೊದಲ ಪ್ರಶ್ನೆಯೂ ಒಂದೇ: ‘ಪ್ಯಾಚ್ ಎಷ್ಟೈತ್ರಿ ಡಾಕ್ಟ್ರೇ?’ ಪ್ಯಾಚ್ ಎಂದರೆ ಎಕ್ಸರೇಯಲ್ಲಿ ಶ್ವಾಸಕೋಶದ ಮೇಲೆ ಕಾಣುವ ಬಿಳಿ ಮಬ್ಬು. ವೈರಲ್ ನ್ಯುಮೋನಿಯಾದಲ್ಲಿ ಈ ‘ಎಷ್ಟು’ ಅನ್ನೋದಕ್ಕೆ ಒಂದು ಲೆಕ್ಕವಿದೆ.

ಮಬ್ಬು ಹುಡುಕುವ ಮೊದಲು ಫಿಲ್ಮ್ ಸರಿಯಾಗಿ ಬಂದಿದೆಯಾ ನೋಡಬೇಕು. ಇಲ್ಲೇ ಜಾಸ್ತಿ ಎಡವಟ್ಟಾಗುವುದು. ರೋಗಿ ಪೂರ್ತಿ ಉಸಿರೆಳೆದು ಹಿಡಿದಿದ್ದರೆ ವಪೆಯ (ಎದೆ, ಹೊಟ್ಟೆಯ ನಡುವಿನ ಸ್ನಾಯುವಿನ ಪರದೆ) ಮೇಲೆ ಮುಂಭಾಗದ ಐದಾರು ಪಕ್ಕೆಲುಬು ಎಣಿಸಲು ಸಿಗುತ್ತವೆ. ಅರ್ಧ ಉಸಿರಿನಲ್ಲಿ ತೆಗೆದರೆ ಶ್ವಾಸಕೋಶದ ತಳಭಾಗ ಒತ್ತಿಕೊಂಡು ಬೆಳ್ಳಗೆ ಕಾಣುತ್ತದೆ. ಕೋವಿಡ್ ನ್ಯುಮೋನಿಯಾ ಹೆಚ್ಚಾಗಿ ಕಾಣಿಸಿಕೊಳ್ಳುವುದೂ ಎರಡೂ ಕಡೆಯ ತಳಭಾಗದಲ್ಲೇ, ಅಂಚಿನಲ್ಲೇ. ಹಾಗಾಗಿ ಇಲ್ಲದ ಕಾಯಿಲೆ ಇದ್ದಂತೆ ಅನಿಸಬಹುದು. ನಿಲ್ಲಲಾಗದವರಿಗೆ ಹಾಸಿಗೆಯಲ್ಲೇ ಮುಂದಿನಿಂದ ತೆಗೆದ ಫಿಲ್ಮ್‌ನಲ್ಲಿ ಹೃದಯವೂ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಅದಕ್ಕೇ ತಂತ್ರಜ್ಞರು ‘ಉಸಿರು ಹಿಡೀರಿ’ ಎಂದಾಗ ನಿಜವಾಗಿ ಹಿಡಿಯಿರಿ.

ಮುಂದೆ ಅಳತೆ. 2020ರಲ್ಲಿ ಇಟಲಿಯ ಬ್ರೆಶಿಯಾದ ವೈದ್ಯರು ಕೋವಿಡ್‌ಗಾಗಿ ರೂಪಿಸಿದ ‘ಬ್ರಿಕ್ಸಿಯಾ ಸ್ಕೋರ್’ ಅರ್ಥ ಮಾಡಿಕೊಳ್ಳಲು ಸುಲಭ. ಒಂದೊಂದು ಶ್ವಾಸಕೋಶವನ್ನೂ ಮೇಲೆ, ನಡು, ಕೆಳಗೆ ಎಂದು ಮೂರು ಭಾಗ ಮಾಡುತ್ತಾರೆ. ಒಟ್ಟು ಆರು. ಫಿಲ್ಮ್‌ನಲ್ಲಿ ನಮ್ಮ ಎಡಗಡೆ ಕಾಣುವುದು ರೋಗಿಯ ಬಲ ಶ್ವಾಸಕೋಶ, ನೆನಪಿರಲಿ.

ಪ್ರತಿ ಭಾಗಕ್ಕೂ 0ಯಿಂದ 3ರವರೆಗೆ ಅಂಕ. ಏನೂ ಇಲ್ಲದಿದ್ದರೆ 0. ಬಲೆಯಂಥ ತೆಳು ಗೆರೆಗಳಷ್ಟೇ ಇದ್ದರೆ 1. ಗೆರೆಯ ಜೊತೆ ಬಿಳಿ ಮಬ್ಬೂ ಇದ್ದು, ಗೆರೆಯೇ ಹೆಚ್ಚಿದ್ದರೆ 2. ಶ್ವಾಸಕೋಶದ ಪುಟ್ಟ ಗಾಳಿಗೂಡುಗಳಲ್ಲಿ ದ್ರವ ತುಂಬಿ ಬಿಳಿ ಮಬ್ಬೇ ಹೆಚ್ಚಾದರೆ 3. ಬಲ ತಳಕ್ಕೆ 3, ಬಲ ನಡುವಿಗೆ 1, ಎಡ ತಳಕ್ಕೆ 2, ಉಳಿದೆಡೆ ಸೊನ್ನೆ ಎಂದಾದರೆ ಒಟ್ಟು 6. ಗರಿಷ್ಠ 18. ಇನ್ನೊಂದು ಪದ್ಧತಿಯಲ್ಲಿ ಮಬ್ಬು ಹರಡಿದ ಜಾಗಕ್ಕಷ್ಟೇ ಅಂಕ: ಒಂದು ಶ್ವಾಸಕೋಶಕ್ಕೆ ಗರಿಷ್ಠ 4, ಎರಡಕ್ಕೂ ಸೇರಿ 8. ಹಾಗಾಗಿ ‘ಸ್ಕೋರ್ 6’ ಎಂದರೆ ಎಷ್ಟರಲ್ಲಿ 6 ಎಂದು ಕೇಳಲೇಬೇಕು.

ಆದರೆ ಸುಮ್ನೆ ಅಂಕ ನೋಡಿ ನಿರ್ಧಾರ ಮಾಡುವುದು ಅಪಾಯ. ಕಾಯಿಲೆಯ ಮೊದಲ ದಿನಗಳಲ್ಲಿ ಎಕ್ಸರೇ ಪೂರ್ತಿ ಸರಿಯಾಗಿಯೇ ಕಾಣಬಹುದು. ಆದ್ದರಿಂದ ಜ್ವರ ಬಂದು ಎಷ್ಟು ದಿನವಾಯಿತು ಎಂದು ವೈದ್ಯರಿಗೆ ಖಚಿತವಾಗಿ ಹೇಳಿ. ಬೆರಳಿನ ಆಕ್ಸಿಮೀಟರ್ ಕೂಡ ಅಷ್ಟೇ ಮುಖ್ಯ. ಕೋವಿಡ್ ಕಾಲದ ನಮ್ಮ ದೇಶದ ಮಾರ್ಗಸೂಚಿಯಲ್ಲಿ ದೊಡ್ಡವರಿಗೆ ರಕ್ತದ ಆಮ್ಲಜನಕ ಶೇಕಡಾ 90ರಿಂದ 93 ಇದ್ದರೆ ಮಧ್ಯಮ, 90ಕ್ಕಿಂತ ಕೆಳಗಿಳಿದರೆ ತೀವ್ರ ಎಂದಿತ್ತು. ನಿಮಿಷಕ್ಕೆ 30ಕ್ಕಿಂತ ಹೆಚ್ಚು ಉಸಿರಾಟವೂ ತೀವ್ರವೇ. ಫಿಲ್ಮ್ ಚೆನ್ನಾಗಿದ್ದು ಆಕ್ಸಿಜನ್ ಇಳಿಯುತ್ತಿದ್ದರೆ ಫಿಲ್ಮ್ ನಂಬಿ ಮನೆಯಲ್ಲಿ ಕೂರಬೇಡಿ, ಆಸ್ಪತ್ರೆಗೆ ಹೋಗಿ. ಮಬ್ಬಿಗೆ ವೈರಸ್ಸೇ ಕಾರಣವಾ, ಬ್ಯಾಕ್ಟೀರಿಯಾ ಅಥವಾ ಟಿಬಿಯಾ ಎಂಬುದನ್ನೂ ಎಕ್ಸರೇ ಒಂದೇ ಹೇಳಲಾರದು. ಕಫ, ರಕ್ತ, ಗಂಟಲು ದ್ರವದ ಪರೀಕ್ಷೆ ಬೇಕಾಗುತ್ತದೆ.

ಇನ್ನೊಂದು ಮಾತು. ಹಳೆಯ ಫಿಲ್ಮ್ ಎಸೆಯಬೇಡಿ. ಮೂರು ದಿನದ ಹಿಂದೆ 4 ಇದ್ದದ್ದು ಇವತ್ತು 9 ಆಗಿದೆ ಎಂಬುದು ಬರೀ 9ಕ್ಕಿಂತ ಎಷ್ಟೋ ಹೆಚ್ಚು ತಿಳಿಸುತ್ತದೆ. ಮೊಬೈಲಿನಲ್ಲಿ ತೆಗೆದ ಫೋಟೊದಲ್ಲಿ ತೆಳು ಮಬ್ಬು ಅಳಿಸಿಹೋಗುತ್ತದೆ, ಮೂಲ ಫಿಲ್ಮ್ ಅಥವಾ ಸಿಡಿಯನ್ನೇ ಒಯ್ಯಿರಿ. ಗರ್ಭಿಣಿಯರು ಎಕ್ಸರೇ ಕೋಣೆಗೆ ಹೋಗುವ ಮೊದಲೇ ವಿಷಯ ತಿಳಿಸಬೇಕು. ಗುಣವಾದ ಮೇಲೂ ಮಬ್ಬು ವಾರಗಟ್ಟಲೆ ಉಳಿಯಬಹುದು, ಹಾಗಾಗಿ ಮತ್ತೆ ಯಾವಾಗ ತೆಗೆಸಬೇಕು ಎಂದು ಡಿಸ್ಚಾರ್ಜ್ ದಿನವೇ ಕೇಳಿಕೊಳ್ಳಿ.