ಪತ್ರೊಡೆಗೆ ಒದಗದ ಕೆಸು

ಸುತ್ತ ತೋಟ ಇಟ್ಟುಕೊಂಡು, ಹಣ ಕೊಟ್ಟು ಗಿಡ ತಂದು ಮನೆಯೊಳಗೆ ಇಡುವುದೆಂದರೆ ನಮ್ಮ ಕಾಸರಗೋಡು ಜಿಲ್ಲೆಯ ನೀರ್ಚಾಲಿನ ಕಡೆ ನಗೆಪಾಟಲೇ. 2019ರ ಬೇಸಗೆಯಲ್ಲಿ ಮಂಗಳೂರಿನ ಒಂದು ನರ್ಸರಿಯಿಂದ ನಾನು ಸೀಳೆಲೆಗೆ ಹೆಸರಾದ ಮಾನ್‌ಸ್ಟೆರಾ ಗಿಡ ಹೊತ್ತು ತಂದಾಗ, ಅಡಕೆ ಸುಲಿಯುತ್ತಿದ್ದ ಮಾವ ತಲೆಯೆತ್ತಿ ಬೆಲೆ ಕೇಳಿದರು. ನಾನು ಅರ್ಧ ಬೆಲೆ ಹೇಳಿದೆ. ಅತ್ತೆ ಎಲೆಯನ್ನು ಮುಟ್ಟಿ ನೋಡಿ, “ಇದು ಕೆಸುವಿನ ಜಾತಿಯೇ ಅಲ್ಲವೇ? ಪತ್ರೊಡೆ ಆಗುತ್ತದೆಯೋ?” ಎಂದರು.

ಕೆಸುವಿನ ಎಲೆಗೆ ಅಕ್ಕಿಹಿಟ್ಟು ಬಳಿದು ಬೇಯಿಸುವ ಪತ್ರೊಡೆ ಇದರಲ್ಲಿ ಆಗುವುದಿಲ್ಲ. ಜಾತಿಯ ವಿಷಯದಲ್ಲಿ ಮಾತ್ರ ಅತ್ತೆ ಹೇಳಿದ್ದು ಸರಿ. ದಕ್ಷಿಣ ಮೆಕ್ಸಿಕೊದಿಂದ ಪನಾಮದವರೆಗಿನ ಮಳೆಕಾಡಿನ ಈ ಬಳ್ಳಿ ನಮ್ಮ ಕೆಸು, ಸುವರ್ಣಗೆಡ್ಡೆಗಳ ಕುಟುಂಬದ್ದೇ. ನಾಲಿಗೆ ತುರಿಸುವ ಅದೇ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು ಇದರಲ್ಲೂ ಇವೆ. (ಮನೆಯಲ್ಲಿ ಅಂಬೆಗಾಲಿಡುವ ಮಗುವೋ ಎಲೆ ಕಚ್ಚುವ ಬೆಕ್ಕೋ ಇದ್ದರೆ ಎಟುಕದ ಕಡೆ ಇಡಬೇಕು.) ಅತ್ತೆಯ ಮಾತು ಕೇಳಿ, ಇದು ಯಾವ ಬಗೆಯ ಕೆಸು ಎಂದು ಅಂದೇ ಯೋಚಿಸಿದ್ದರೆ ಆ ಗಿಡ ಸಾಯುತ್ತಿರಲಿಲ್ಲ.

ಸತ್ತದ್ದು ಆಟಿಯಲ್ಲಿ, ಜುಲೈ-ಆಗಸ್ಟಿನ ಜಡಿಮಳೆಯ ತಿಂಗಳಲ್ಲಿ. ತೂತಿಲ್ಲದ ಚಂದದ ಪಿಂಗಾಣಿ ಕುಂಡ, ತೋಟದ ಕೆಂಪು ಮಣ್ಣು, ದಿನಕ್ಕೊಂದು ತಂಬಿಗೆ ನೀರು. ಎಲೆ ಹಳದಿಯಾದಾಗ ಬಾಯಾರಿರಬೇಕೆಂದು ಇನ್ನೊಂದು ತಂಬಿಗೆ. ವರ್ಷಕ್ಕೆ 3500 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಜಿಲ್ಲೆ ನಮ್ಮದು; ಮಡಚಿಟ್ಟ ಚಾಪೆಗೂ ಬೂಷ್ಟು ಹಿಡಿಯುವ ತಿಂಗಳಲ್ಲಿ ಕುಂಡದ ನೀರು ಆರುವುದೆಲ್ಲಿ? ಒಂದು ಬೆಳಿಗ್ಗೆ ಬುಡ ಹಿಡಿದು ಅಲ್ಲಾಡಿಸಿದರೆ ಗಿಡ ಕೈಗೇ ಬಂತು. ಬೇರೆಲ್ಲ ಕಂದು ಲೋಳೆ, ಕೊಳೆತ ಅಡಕೆಯ ನಾತ. “ಬೋರ್ಡೋ ಬಿಡಬೇಕಿತ್ತೋ ಏನೋ” ಎಂದು, ಅಡಕೆಯ ಕೊಳೆರೋಗಕ್ಕೆ ಸಿಂಪಡಿಸುವ ಮದ್ದನ್ನು ನೆನೆದು ಮಾವ ಹೇಳಿದ್ದು ತಮಾಷೆಗೋ ನಿಜಕ್ಕೋ ನನಗೆ ಇಂದಿಗೂ ತಿಳಿದಿಲ್ಲ.

ತುದಿಯ ಒಂದು ಗೆಣ್ಣು ಮಾತ್ರ ಗಟ್ಟಿಯಾಗಿ ಉಳಿದಿತ್ತು. ಕರಿಮೆಣಸಿನ ಬಳ್ಳಿ ನೆಟ್ಟವರಿಗೆ ಇದನ್ನು ವಿವರಿಸಬೇಕಿಲ್ಲ: ಗೆಣ್ಣಿದ್ದರೆ ಬೇರು. ಬರೀ ಎಲೆಯನ್ನು ನೀರಿನಲ್ಲಿಟ್ಟರೆ ಎಷ್ಟೋ ದಿನ ಹಸಿರಾಗಿ ಇದ್ದೀತು, ಗಿಡವಾಗದು. ಗೆಣ್ಣಿನ ಕೆಳಗೆ ಕತ್ತರಿಸಿ, ಗಾಯ ಒಣಗಲು ಒಂದು ದಿನ ಬಿಟ್ಟು, ಗಾಜಿನ ಬಾಟಲಿಯ ನೀರಿನಲ್ಲಿ ಇಳಿಸಿದೆ. ಮೂರು ದಿನಕ್ಕೊಮ್ಮೆ ನೀರು ಬದಲಿಸುತ್ತಿದ್ದೆ. ಬಿಳಿ ಬೇರು ಕಂಡದ್ದು ಐದನೆಯ ವಾರ.

ಬೇರಿಗಾಗಿ ಕಾಯುತ್ತಿದ್ದ ದಿನಗಳಲ್ಲೇ ಅತ್ತೆ ಹಲಸಿನ ಮರದಿಂದ ಮರಕೆಸು ಕೊಯ್ಯಿಸಿದರು. ಬುಟ್ಟಿ ಹಿಡಿದು ಕೆಳಗೆ ನಿಂತಿದ್ದ ನಾನು ಮೊದಲ ಬಾರಿಗೆ ಅದರ ಬೇರನ್ನು ನೋಡಿದೆ. ಮಣ್ಣೇ ಇಲ್ಲ. ಕವಲಿನಲ್ಲಿ ಸೇರಿದ ತರಗೆಲೆ, ಪಾಚಿ, ತೊಗಟೆಯ ಪುಡಿ, ಅಷ್ಟರಲ್ಲೇ ಅದರ ಸಂಸಾರ. ಜಡಿಮಳೆ ಬಿದ್ದರೂ ನೀರು ನಿಲ್ಲದೆ ಇಳಿದುಹೋಗುತ್ತದೆ, ತೇವ ಉಳಿಯುತ್ತದೆ. ಮಾನ್‌ಸ್ಟೆರಾ ಕೂಡ ತನ್ನ ಕಾಡಿನಲ್ಲಿ ಮರವನ್ನಪ್ಪಿ ಏರುವ ಬಳ್ಳಿಯೇ. ನಾನು ಅದನ್ನು ತೋಡಿನ ಬದಿಯ ಕೆಸುವಿನಂತೆ ಸಾಕಿದ್ದೆ, ಅದಕ್ಕೆ ಬೇಕಾಗಿದ್ದದ್ದು ಮರಕೆಸುವಿನ ಉಪಚಾರ.

ತೆಂಗಿನ ಸಿಪ್ಪೆಯನ್ನು ಹೆಬ್ಬೆರಳ ಗಾತ್ರಕ್ಕೆ ಕೊಚ್ಚಿ, ಕಂದು ಕಷಾಯ ಇಳಿಯುವುದು ನಿಲ್ಲುವವರೆಗೆ ನೀರು ಬದಲಿಸುತ್ತಾ ನೆನೆಹಾಕಿದೆ. ಅದು ಎರಡು ಪಾಲು, ಕಡಲೆಗಾತ್ರದ ಮುರಕಲ್ಲಿನ (ಜಂಬಿಟ್ಟಿಗೆಯ) ಚೂರು ಒಂದು ಪಾಲು, ಕೊಳೆತು ಪುಡಿಯಾದ ತರಗೆಲೆ ಒಂದು ಪಾಲು. ತಳದಲ್ಲಿ ತೂತಿರುವ ಮಣ್ಣಿನ ಕುಂಡ. ನಡುವೆ ಐದಡಿಯ ಅಡಕೆ ಸಲಾಕೆ ನಿಲ್ಲಿಸಿ ಅದಕ್ಕೆ ಹುರಿಹಗ್ಗವನ್ನು ಒತ್ತೊತ್ತಾಗಿ ಸುತ್ತಿದೆ. ಗಾಳಿಬೇರು ಕಚ್ಚಿಕೊಳ್ಳಲೆಂದು ಆ ಹಗ್ಗವನ್ನು ಆಗಾಗ ತೋಯಿಸುತ್ತೇನೆ. ನೀರಿಗೆ ದಿನದ ಲೆಕ್ಕ ಬಿಟ್ಟಿದ್ದೇನೆ. ಬೆರಳನ್ನು ಎರಡು ಗೆಣ್ಣಿನಷ್ಟು ಇಳಿಸಿ, ಒಣಗಿದ್ದರೆ ಮಾತ್ರ ಹಾಕುವುದು. ಏಪ್ರಿಲಿನಲ್ಲಿ ನಾಲ್ಕು ದಿನಕ್ಕೊಮ್ಮೆ ಬೇಕು, ಆಟಿಯಲ್ಲಿ ಹನ್ನೆರಡು ದಿನ ಕಳೆದರೂ ಬೇಡ. ಗೊಬ್ಬರವೆಂದು ಒಮ್ಮೆ ನೆಲಗಡಲೆ ಹಿಂಡಿ ಕೊಳೆಸಿ ಹಾಕಿದ್ದೆ. ನೆಂಟರು ಬಂದ ದಿನವೇ ವಾಸನೆ ಏರಿತು. ಈಗ ಮಳೆ ಹಿಡಿಯುವ ಮೊದಲೊಮ್ಮೆ, ಬಿಟ್ಟ ಮೇಲೊಮ್ಮೆ ಎರಡು ಹಿಡಿ ಹಳೆಯ ಹಟ್ಟಿಗೊಬ್ಬರ.

ನಿಜವಾಗಿ ಕಾಡಿದ್ದು ಬೆಳಕು. ಮುರಕಲ್ಲಿನ ಗೋಡೆ, ಇಳಿಮಾಡಿನ ಹಂಚಿನ ಮನೆ. ಚಾವಡಿಯಲ್ಲಿ ಪತ್ರಿಕೆ ಓದಲು ಹಗಲಲ್ಲೂ ದೀಪ ಬೇಕು. ಒಂದು ವರ್ಷ ಬಂದ ಎಲೆಗಳೆಲ್ಲ ಸಣ್ಣವು, ಒಂದಕ್ಕೂ ಸೀಳಿಲ್ಲ. ಬಲಿತ ಮೇಲೆ ಸೀಳೀತು ಎಂದು ಕಾದದ್ದು ನನ್ನ ದಡ್ಡತನ. ಸೀಳಾಗಲಿ ತೂತಾಗಲಿ, ಚಿಗುರು ಸುರುಳಿ ಬಿಚ್ಚುವಾಗಲೇ ಇರಬೇಕು. ಇಡಿಯಾಗಿ ಬಿಚ್ಚಿದ ಎಲೆ ಕೊನೆಯವರೆಗೂ ಇಡಿಯೇ. ಕಡೆಗೆ ಮಾಡಿಗೆ ಎರಡು ಗಾಜಿನ ಹಂಚು ಹಾಕಿಸಿದೆ. ಮಾರ್ಚಿನ ನಡುಹಗಲ ಬಿಸಿಲು ನೇರ ಇಳಿದು ಒಂದೇ ವಾರದಲ್ಲಿ ಎರಡು ಎಲೆಗಳಿಗೆ ಬರೆ ಎಳೆಯಿತು. ಗಾಜಿಗೆ ತೆಳ್ಳಗೆ ಸುಣ್ಣ ಬಳಿಸಿದ ಮೇಲೆ ಸರಿಯಾಯಿತು. ಮಳೆಗಾಲದಲ್ಲಿ ಸುಣ್ಣ ತಾನೇ ತೊಳೆದುಹೋಗುತ್ತದೆ, ಗಿಡಕ್ಕೆ ಹೆಚ್ಚು ಬೆಳಕು ಬೇಕಾಗುವ ಹೊತ್ತೂ ಅದೇ. 2021ರ ಸೋಣದಲ್ಲಿ (ಆಟಿಯ ಮುಂದಿನ ತಿಂಗಳು) ಬಿಚ್ಚಿದ ಎಲೆಗೆ ಎಡಕ್ಕೆ ಮೂರು, ಬಲಕ್ಕೆ ಎರಡು ಸೀಳು. ನೆರೆಮನೆಯ ಮಲಯಾಳಿ ಚೇಚಿ ನೋಡಿ, ಈ ಚೇಂಬಿಗೆ (ಕೆಸುವಿಗೆ) ಹುಳ ಹೊಡೆದಿದೆಯೆಂದು ಮರುಕಪಟ್ಟರು.

ಅದೇ ಮಳೆಗಾಲ ಒಂದು ಬೆಳಿಗ್ಗೆ ಚಾವಡಿಯ ನೆಲದ ಮೇಲೆ ಹನಿಗಳು. ಅತ್ತೆ ಗಾಜಿನ ಹಂಚಿನ ಮೇಲೆ ಗುಮಾನಿ ಪಟ್ಟರು, ಮಾವ ಏಣಿ ತಂದರು. ಹಂಚು ಒಣಗಿತ್ತು, ತೊಟ್ಟಿಕ್ಕುತ್ತಿದ್ದದ್ದು ಎಲೆಯ ತುದಿ. ಬೇರು ಹೀರಿದ ನೀರು ತೇವದ ರಾತ್ರಿಯಲ್ಲಿ ಆವಿಯಾಗಲಾರದೆ ಹಾಗೆ ಹೊರಬೀಳುತ್ತದೆ. ಕೆಸುವಿನ ಎಲೆಯಲ್ಲೂ ಬೆಳಗ್ಗೆ ಅಂಥದೇ ಹನಿ ಕಾಣುತ್ತದೆ. ಏಣಿಯ ಮೇಲಿದ್ದ ಮಾವ ಮಾತ್ರ ಗಿಡವನ್ನು ಬಹಳ ಹೊತ್ತು ನೋಡಿದರು.

ಎರಡನೆಯ ಸಲಾಕೆಯೂ ಮುಗಿದು ತುದಿ ಈಗ ಮಾಡಿನ ಪಕಾಸಿಗೆ ತಾಗುತ್ತಿದೆ. ಫೆಬ್ರವರಿಯಲ್ಲಿ ಕತ್ತರಿಸಬೇಕು. ಮೇಲಿನ ಮೂರು ಗೆಣ್ಣು ತನಗೆ ಬೇಕೆಂದು ಮಾವ ಮೊದಲೇ ಹೇಳಿಟ್ಟಿದ್ದಾರೆ. ಹಲಸಿನ ಬುಡದಲ್ಲಿ, ಕರಿಮೆಣಸಿನ ಬಳ್ಳಿ ಹಬ್ಬಿಲ್ಲದ ಬದಿಗೆ, ಜಾಗ ಸವರಿ ಆಗಿದೆ.