ಎಳೆತ ಗ್ಲ್ಯಾಂಡಿಗೆ ಬೀಳಲಿ, ಟರ್ಮಿನಲ್‌ಗೆ ಬೇಡ

ಸಂಪಿನ ಮೋಟಾರ್ ಓಡುತ್ತಿಲ್ಲವೆಂದು ಎಲೆಕ್ಟ್ರಿಷಿಯನ್ ಕರೆಸುತ್ತೀರಿ. ಎಷ್ಟೋ ಸಲ ಮೋಟಾರಿಗೆ ಏನೂ ಆಗಿರುವುದಿಲ್ಲ. ಗೋಡೆಗೆ ಹೊಡೆದ ಸ್ಟಾರ್ಟರ್ ಡಬ್ಬಿ ಬಿಚ್ಚಿದರೆ ಒಂದು ವೈರ್ ಸ್ಕ್ರೂನಿಂದ ಜಾರಿ ಆಚೆ ಬಂದಿರುತ್ತದೆ, ಇಲ್ಲವೇ ಅರ್ಧಂಬರ್ಧ ಕಚ್ಚಿಕೊಂಡು ಬಿಸಿಯಾಗಿ ಸುತ್ತಲಿನ ಪ್ಲಾಸ್ಟಿಕ್ ಕಂದುಗಟ್ಟಿರುತ್ತದೆ. ಆತ ಸ್ಕ್ರೂ ಬಿಗಿ ಮಾಡಿ ದುಡ್ಡು ಇಸಿದುಕೊಂಡು ಹೊರಡುತ್ತಾನೆ. ಕೇಬಲ್ ಮಾತ್ರ ಡಬ್ಬಿಯ ತೂತಿನಿಂದ ಮೊದಲಿನಂತೆಯೇ ಜೋತಾಡುತ್ತಿರುತ್ತದೆ. ನಾಳೆ ಯಾರದೋ ಸೈಕಲ್ ಹ್ಯಾಂಡಲ್ ಅದಕ್ಕೆ ಸಿಕ್ಕಿಕೊಂಡರೆ ಮತ್ತೆ ಅದೇ ಕತೆ.

ವೈರಿನ ತುದಿ ಕಚ್ಚುವ ಟರ್ಮಿನಲ್ ಸ್ಕ್ರೂ ಇರುವುದು ಕರೆಂಟ್ ದಾಟಿಸುವುದಕ್ಕೆ, ಕೇಬಲ್ಲಿನ ಭಾರ ಹೊರುವುದಕ್ಕಲ್ಲ. ಎಳೆತ ಏನಿದ್ದರೂ ಡಬ್ಬಿಯ ಗೋಡೆಯಲ್ಲೇ ನಿಂತುಬಿಡಬೇಕು. ಆ ಕೆಲಸ ಮಾಡುವುದು ಕೇಬಲ್ ಗ್ಲ್ಯಾಂಡ್, ಅಂದರೆ ಡಬ್ಬಿಯ ತೂತಿಗೆ ಕೂರಿಸಿ ನಟ್ ಬಿಗಿದರೆ ಕೇಬಲ್ಲನ್ನು ಸುತ್ತಲೂ ಕಚ್ಚಿ ಹಿಡಿಯುವ ಬಿಡಿಭಾಗ. ತೂತಿನ ಅಂಚಿಗೆ ರಬ್ಬರ್ ಬಳೆ, ಅದೇ ಗ್ರೊಮೆಟ್, ಹಾಕಿದ್ದೇವಲ್ಲ ಎನ್ನುವವರಿದ್ದಾರೆ. ಗ್ರೊಮೆಟ್ ತಗಡಿನ ಅಂಚು ಕೇಬಲ್ಲನ್ನು ಕೊಯ್ಯದಂತೆ ತಡೆಯುತ್ತದೆ ಅಷ್ಟೆ, ಹಿಡಿದುಕೊಳ್ಳುವುದಿಲ್ಲ. ‘ಒಳಗೆ ಗಂಟು ಹಾಕಿದೀನಿ ಸಾರ್, ಜಪ್ಪಯ್ಯ ಅಂದ್ರೂ ಬರಲ್ಲ’ ಎನ್ನುವವರು ಇನ್ನೂ ಹೆಚ್ಚು. ಗಂಟಿನ ತಿರುವಿನಲ್ಲಿ ಮೇಲ್ಹೊದಿಕೆಯೂ ಒಳಗಿನ ತಾಮ್ರದ ಎಳೆಗಳೂ ನಲುಗುತ್ತವೆ. ಮನೆಬಳಕೆಯ ಸಾಧನಗಳ ಸುರಕ್ಷತೆಯ ಮಾನದಂಡ ಐಎಸ್ 302 ಗಂಟು ಹಾಕುವುದನ್ನು, ದಾರ ಕಟ್ಟುವುದನ್ನು ಒಪ್ಪುವುದೇ ಇಲ್ಲ.

ಮೊದಲು ಎಂಸಿಬಿ ಆಫ್ ಮಾಡಿ, ಟೆಸ್ಟರ್ ಇಟ್ಟು ನೋಡಿ. ಟೆಸ್ಟರ್ ಸರಿಯಿದೆಯೇ ಎಂದು ಕರೆಂಟ್ ಇರುವ ಬೇರೊಂದು ಸಾಕೆಟ್ಟಿನಲ್ಲಿ ಪರೀಕ್ಷಿಸಿಕೊಳ್ಳಿ. ಸಿಂಗಲ್ ಫೇಸ್ ಮೋಟಾರಿನ ಡಬ್ಬಿಯಲ್ಲಿ ಕೆಪಾಸಿಟರ್ ಇರುತ್ತದೆ. ಮೇನ್ ತೆಗೆದ ಮೇಲೂ ಅದರಲ್ಲಿ ಚಾರ್ಜ್ ಉಳಿದಿರಬಹುದು, ಅದರ ತುದಿ ಮುಟ್ಟಬೇಡಿ. ಮೂರು ಫೇಸ್ ಸ್ಟಾರ್ಟರ್, ಮೀಟರ್ ಕಡೆಯಿಂದ ಬರುವ ಕೇಬಲ್ — ಇವೆರಡಕ್ಕೂ ಲೈಸೆನ್ಸ್ ಇರುವವರನ್ನೇ ಕರೆಯಿರಿ.

ಆಮೇಲೆ ಕೇಬಲ್ಲಿನ ಹೊರಗಿನ ದಪ್ಪ ಅಳೆಯಿರಿ. ವರ್ನಿಯರ್ ಇಲ್ಲದಿದ್ದರೆ ಒಂದು ಕಾಗದದ ಪಟ್ಟಿಯನ್ನು ಕೇಬಲ್ಲಿಗೆ ಒಂದು ಸುತ್ತು ಸುತ್ತಿ, ಸುತ್ತಿನ ಉದ್ದವನ್ನು 3.14ರಿಂದ ಭಾಗಿಸಿ. ಸುತ್ತು 25 ಮಿ.ಮೀ. ಬಂದರೆ ದಪ್ಪ ಸುಮಾರು 8 ಮಿ.ಮೀ. ಈ ಅಂಕಿ ಬರೆದುಕೊಳ್ಳದೆ ಬೆಂಗಳೂರಿನ ಎಸ್‌.ಪಿ. ರೋಡಿನ ಎಲೆಕ್ಟ್ರಿಕಲ್ ಅಂಗಡಿಗೆ ಹೋಗಬೇಡಿ. ‘ಒಂದೂವರೆ ಸ್ಕ್ವೇರ್ ವೈರಿಗೆ ಕೊಡಿ’ ಎಂದರೆ ಅಂಗಡಿಯವರು ಅಂದಾಜಿನ ಮೇಲೆ ಏನೋ ಒಂದು ಕೊಡುತ್ತಾರೆ. ಒಂದೂವರೆ ಎನ್ನುವುದು ತಾಮ್ರದ ಅಳತೆ, ಗ್ಲ್ಯಾಂಡಿಗೆ ಬೇಕಾದ್ದು ಹೊರಮೈ ಅಳತೆ. ಗ್ಲ್ಯಾಂಡಿನ ಸೈಜುಗಳಿಗೆ ಎಂ20, ಪಿಜಿ 9 ಎಂಬಂಥ ಹೆಸರಿರುತ್ತದೆ. ಎಂ20 ನೈಲಾನ್ ಗ್ಲ್ಯಾಂಡ್ ಸಾಮಾನ್ಯವಾಗಿ 6ರಿಂದ 12 ಮಿ.ಮೀ. ಕೇಬಲ್ ಹಿಡಿಯುತ್ತದೆ, ಪಿಜಿ 9 ಆದರೆ 4ರಿಂದ 8. ಕಂಪನಿಯಿಂದ ಕಂಪನಿಗೆ ಚೂರುಪಾರು ವ್ಯತ್ಯಾಸ ಇರುತ್ತದೆ, ಪ್ಯಾಕೆಟ್ ಮೇಲಿನದ್ದನ್ನು ಓದಿ. ನಿಮ್ಮ ಕೇಬಲ್ ಆ ಮಿತಿಯ ನಡುವೆ ಬರುವಂಥದ್ದನ್ನು ಆರಿಸಿ, ಅಂಚಿನದ್ದು ಬೇಡ. 8 ಮಿ.ಮೀ. ಕೇಬಲ್ಲಿಗೆ ಪಿಜಿ 9 ಕೊಟ್ಟರೆ ವಾಪಸ್ ಕೊಟ್ಟು ಎಂ20 ತನ್ನಿ.

ತೂತು ಡಬ್ಬಿಯ ತಳದಲ್ಲಿರಲಿ. ಮೇಲಿಟ್ಟರೆ ಮಳೆನೀರು ಕೇಬಲ್ ಹಿಡಿದುಕೊಂಡು ಸೀದಾ ಒಳಗಿಳಿಯುತ್ತದೆ. ಎಂ20ಕ್ಕೆ 20.5 ಮಿ.ಮೀ. ತೂತು ಸಾಕು. ಕಬ್ಬಿಣದ ಡಬ್ಬಿಗೆ ಸ್ಟೆಪ್ ಡ್ರಿಲ್ ಬಳಸಿದರೆ ತೂತು ಗುಂಡಗೆ ಬರುತ್ತದೆ. ಕೊರೆಯುವಾಗ ಉದುರುವ ಲೋಹದ ಪುಡಿ ಕಾಂಟ್ಯಾಕ್ಟರ್ (ಮೋಟಾರಿಗೆ ಕರೆಂಟ್ ಬಿಡುವ ಸ್ವಿಚ್ಚು) ಒಳಗೆ ಸೇರದಂತೆ ಕಾಗದ, ಟೇಪು ಹಾಕಿ ಮುಚ್ಚಿ. ಅಂಚನ್ನು ಅರದಿಂದ ಉಜ್ಜಿ ನುಣ್ಣಗೆ ಮಾಡಿ.

ಈಗ ಗ್ಲ್ಯಾಂಡಿನ ದೇಹವನ್ನು ಹೊರಗಿನಿಂದ ತೂರಿಸಿ, ವಾಷರ್ ಹೊರಗಡೆ ಕೂರಿಸಿ, ಒಳಗಿನಿಂದ ಲಾಕ್ ನಟ್ ಬಿಗಿ ಮಾಡಿ. ಕೇಬಲ್ಲನ್ನು ಮೊದಲು ಮುಂದಿನ ಗುಮ್ಮಟದಂಥ ನಟ್ಟಿನೊಳಗೆ, ಆಮೇಲೆ ದೇಹದೊಳಗೆ ತೂರಿಸಬೇಕು. ನಟ್ ಮರೆತು ಟರ್ಮಿನಲ್‌ಗೆ ಎಲ್ಲ ಸಿಕ್ಕಿಸಿದ ಮೇಲೆ ತಲೆ ಚಚ್ಚಿಕೊಳ್ಳುವುದು ಈ ಕೆಲಸದ ಸಂಪ್ರದಾಯವೇ ಆಗಿಹೋಗಿದೆ.

ಇಡೀ ಕೆಲಸದಲ್ಲಿ ಜನ ಹೆಚ್ಚು ಎಡವುವುದು ಹೊದಿಕೆ ಸುಲಿಯುವಾಗ. ಗ್ಲ್ಯಾಂಡಿನ ರಬ್ಬರ್ ಮತ್ತು ಹಲ್ಲುಗಳು ಕಚ್ಚಬೇಕಾದ್ದು ಹೊರಗಿನ ದಪ್ಪ ಹೊದಿಕೆಯನ್ನು. ಅದನ್ನು ಗ್ಲ್ಯಾಂಡಿನ ಆಚೆಯೇ ಸುಲಿದುಬಿಟ್ಟರೆ ಒಳಗಿನ ಮೂರು ತೆಳು ವೈರುಗಳು ಹಿಡಿತಕ್ಕೆ ಸಿಕ್ಕುವುದಿಲ್ಲ, ಎಳೆದರೆ ಒಂದೊಂದಾಗಿ ಜಾರುತ್ತವೆ. ಹೊದಿಕೆ ಡಬ್ಬಿಯೊಳಕ್ಕೆ ಒಂದು ಸೆಂಟಿಮೀಟರ್‌ನಷ್ಟಾದರೂ ಬಂದು ಕಾಣುತ್ತಿರಬೇಕು. ಅಲ್ಲಿಂದ ಮುಂದೆ ಫೇಸ್, ನ್ಯೂಟ್ರಲ್ ವೈರುಗಳಿಗಿಂತ ಅರ್ಥ್ ವೈರು ಉದ್ದ ಬಿಡಿ. ಎಂದಾದರೂ ಕೇಬಲ್ ಕಿತ್ತುಬಂದರೂ ಫೇಸ್ ಮೊದಲು ಕಳಚಿ, ಅರ್ಥ್ ಕೊನೆಗೆ ಕಳಚಬೇಕು. ತುದಿಗಳಿಗೆ ಪಿನ್ ಲಗ್, ಅಂದರೆ ಕಡ್ಡಿಯಂಥ ಮೂತಿಯ ಲೋಹದ ತೊಡಪು, ಹಾಕಿ ಒತ್ತಿ. ಬೆಸುಗೆ ಹಾಕಿದ ತುದಿಯನ್ನು ಸ್ಕ್ರೂ ಕೆಳಗೆ ಕೂರಿಸಬೇಡಿ. ಒತ್ತಡಕ್ಕೆ ಬೆಸುಗೆ ನಿಧಾನವಾಗಿ ಹರಡಿ ಹಿಡಿತ ಸಡಿಲವಾಗುತ್ತದೆ.

ಮುಂದಿನ ನಟ್ಟನ್ನು ಕೈಯಲ್ಲಿ ಬಿಗಿ ಮಾಡಿ, ಕೊನೆಗೆ ಸ್ಪ್ಯಾನರ್‌ನಲ್ಲಿ ಸ್ವಲ್ಪ ತಿರುಗಿಸಿ. ಕೇಬಲ್ ತಿರುಗದಿದ್ದರೆ ಸಾಕು. ಶಕ್ತಿಯೆಲ್ಲ ಹಾಕಿದರೆ ನೈಲಾನ್ ನಟ್ಟಿನ ಮರೆ (ತಿರುಪಿನ ಗೆರೆ) ಕಿತ್ತುಹೋಗುತ್ತದೆ.

ಪರೀಕ್ಷಿಸುವುದಕ್ಕೂ ಐಎಸ್ 302ರ ಲೆಕ್ಕವನ್ನೇ ಎರವಲು ಪಡೆಯಬಹುದು. ಅದರಲ್ಲಿ 1 ಕೆ.ಜಿ.ವರೆಗಿನ ಸಾಧನಕ್ಕೆ 30 ನ್ಯೂಟನ್, 4 ಕೆ.ಜಿ.ವರೆಗೆ 60, ಅದಕ್ಕೂ ಭಾರದ್ದಾದರೆ 100 ನ್ಯೂಟನ್ ಎಳೆತ. ಥಟ್ಟನೆ ಜಗ್ಗದೆ, ಒಂದೊಂದು ಸೆಕೆಂಡಿನಂತೆ 25 ಸಲ ಎಳೆದ ಮೇಲೂ ಕೇಬಲ್ 2 ಮಿ.ಮೀ.ಗಿಂತ ಹೆಚ್ಚು ಸರಿದಿರಬಾರದು. 100 ನ್ಯೂಟನ್ ಎಂದರೆ ಹತ್ತು ಕೆ.ಜಿ. ತೂಗಿದಷ್ಟು. ಕರೆಂಟ್ ಕೊಡುವ ಮೊದಲೇ ಕೇಬಲ್ ಮೇಲೆ ಪೆನ್ನಿನಲ್ಲಿ ಗುರುತು ಹಾಕಿ, ಲಗೇಜ್ ತೂಗುವ ಕೊಕ್ಕೆಯ ತಕ್ಕಡಿ ಸಿಕ್ಕಿಸಿ ಎಳೆದು ನೋಡಿ.

ಮಿಕ್ಸಿ, ಗ್ರೈಂಡರ್‌ಗಳಲ್ಲಿ ಗ್ಲ್ಯಾಂಡಿನ ಬದಲು ಒಳಗೆ ಎರಡು ಸ್ಕ್ರೂ ಇರುವ ಪುಟ್ಟ ಪ್ಲಾಸ್ಟಿಕ್ ಪಟ್ಟಿ ಇರುತ್ತದೆ. ವೈರ್ ಬದಲಿಸಿದ ಮೇಲೆ ಆ ಪಟ್ಟಿ ವಾಪಸ್ ಕೂತಿದೆಯೇ ಎಂದು ರಿಪೇರಿಯವರನ್ನು ಕೇಳಿ. ಹೊರಗಿನ ರಬ್ಬರ್ ತೋಳು ಬಿರಿದಿದ್ದರೆ ಅದನ್ನೂ ಹೊಸದು ಹಾಕಿಸಿ, ವೈರು ತೂತಿನ ಬಾಯಲ್ಲೇ ಮಡಚದಂತೆ ಕಾಯುವುದು ಅದೇ.

ಬೆಂಗಳೂರಿನಲ್ಲಿ ಇನ್ನೊಂದು ತೊಡಕುಂಟು: ಬೋರ್‌ವೆಲ್ಲಿನಿಂದ ಬರುವ ಚಪ್ಪಟೆ ಕೇಬಲ್. ಗುಂಡು ರಬ್ಬರಿನ ಗ್ಲ್ಯಾಂಡ್ ಅದನ್ನು ಎಷ್ಟು ಬಿಗಿದರೂ ಪಕ್ಕಗಳಲ್ಲಿ ಸಂದು ಬಿಡುತ್ತದೆ. ಎಳೆತವೂ ತಡೆಯುವುದಿಲ್ಲ, ಇರುವೆಯೂ ಒಳಗೆ ಬರುತ್ತದೆ. ಚಪ್ಪಟೆ ಸೀಲ್ ಇರುವ ಗ್ಲ್ಯಾಂಡ್ ಕೇಳಿ. ಸಿಗದಿದ್ದರೆ ಡಬ್ಬಿಯಿಂದ ಅರ್ಧ ಅಡಿ ಕೆಳಗೆ ಗೋಡೆಗೆ ಸ್ಯಾಡಲ್ (ಕೇಬಲ್ ಹಿಡಿಯುವ ಪಟ್ಟಿ) ಹೊಡೆದು ಕೇಬಲ್ಲನ್ನು ಅಲ್ಲೇ ಬಿಗಿಯಿರಿ. ಸ್ಯಾಡಲ್ಲಿಗೂ ಡಬ್ಬಿಗೂ ನಡುವೆ ಕೇಬಲ್ ತುಸು ಕೆಳಕ್ಕೆ ಬಾಗಿ ಮೇಲೇರುವಂತೆ ಬಿಟ್ಟರೆ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಯಾವ ಗ್ಲ್ಯಾಂಡ್ ಹಾಕಿದರೂ ತಿಂಗಳೊಪ್ಪತ್ತು ಕಳೆದ ಮೇಲೆ ಒಮ್ಮೆ ನಟ್ ಮುಟ್ಟಿ ನೋಡಿ. ಪಿವಿಸಿ ಹೊದಿಕೆ ಒತ್ತಡಕ್ಕೆ ಕುಗ್ಗಿರುತ್ತದೆ, ಕಾಲು ಸುತ್ತು ಬೇಕಾಗಬಹುದು.